ಡಬಲ್ಸ್ ಗೆದ್ದರೆ ಮಗನ ದೀಡ ನಮಸ್ಕಾರ

ನಮ್ಮ ದೇಶ ಸೋಲಲಿ ಎಂದು ನಾನು ಒಮ್ಮೆ ಮನಸ್ಸಿನಲ್ಲೇ ಬೇಡಿಕೊಂಡಿದ್ದೇನೆ. ನಿಮಗಷ್ಟೇ ಹೇಳುತ್ತಿದ್ದೇನೆ, ನಮ್ಮ ಹೆಡ್‌ಮಾಸ್ತರರ ಕಿವಿಗೆ ಬೀಳದಿರಲಿ. ಯುದ್ಧ ಗಿದ್ಧ ಅಲ್ಲ ಮಾರಾಯರೆ, ಟೆನಿಸ್. ದೇಶದೇಶಗಳ ಹೆಣ್ಣುಮಕ್ಕಳ ತಂಡಗಳು ಒಂದು ಕಪ್ಪಿಗಾಗಿ ಸೆಣಸುತ್ತವಲ್ಲ, ಅದು. ನನ್ನ ಈ ದ್ರೋಹಕ್ಕೆ ಕಾರಣ ಎರಡು: ನಮ್ಮವ್ವ ಮತ್ತು ನನ್ನ ಹೊಟ್ಟೆ.

ನಾನು ಗುಳೇದಗುಡ್ಡದಲ್ಲಿ ಗಣಿತದ ಮಾಸ್ತರ. ಅವ್ವ ಮನೆಯ ಮಗ್ಗದಲ್ಲಿ ಐವತ್ತು ವರ್ಷ ರವಿಕೆಯ ಖಣ ನೇಯ್ದವಳು. ಮೊಣಕಾಲು ಕೈಕೊಟ್ಟ ಮೇಲೆ ಮಗ್ಗ ಬಿಟ್ಟು, ಒಂದು ಬಡಿಗೆ ಹಿಡಿದು, ಟೀವಿ ಮುಂದಿನ ಕುರ್ಚಿಗೆ ಬಂದಳು. ಧಾರಾವಾಹಿ ಅವಳಿಗೆ ಹಿಡಿಸಲಿಲ್ಲ. "ಒಂದು ಮಾತು ಆಡಾಕ ಮೂರು ದಿನ ತಗೋತಾರ" ಎಂದು ಅವಳ ದೂರು. ಒಂದು ಶನಿವಾರ ಶಾಲೆ ಮುಗಿಸಿ ಬಂದು ನಾನು ಟೆನಿಸ್ ಹಚ್ಚಿದೆ. ಅಲ್ಲಿಂದ ಟೀವಿ ನನ್ನ ಕೈಯಲ್ಲಿ ಉಳಿಯಲಿಲ್ಲ.

ಚೆಂಡು ಎಲ್ಲಿ ಬಿತ್ತೆಂದು ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಅವ್ವ "ಹೊರಗ" ಅನ್ನುತ್ತಿದ್ದಳು. ರಿಪ್ಲೇ ತೋರಿಸಿದರೆ ಖರೆ, ಗೆರೆಯಿಂದ ಕೂದಲೆಳೆಯಷ್ಟು ಹೊರಗೆ. ಸಾವಿರಾರು ಎಳೆಗಳಲ್ಲಿ ಒಂದು ತಪ್ಪಿದರೂ ಹಿಡಿಯುತ್ತಿದ್ದ ಕಣ್ಣು ಅದು. ಎದುರಾಳಿ ಹುಡುಗಿ ಅಂಪೈರನ ಜೊತೆ ವಾದಕ್ಕೆ ನಿಂತರೆ ಅವ್ವನಿಗೆ ಸಿಟ್ಟು. "ಗೆರಿ ಅಂದ್ರ ಗೆರಿ. ಅದರಾಗೇನು ಚೌಕಾಶಿ?"

ಅಂಕಗಳ ವಿಷಯದಲ್ಲಿ ಮಾತ್ರ ನನ್ನ ಮಾನ ಹೋಯಿತು. ಹದಿನೈದು, ಮೂವತ್ತು, ಆಮೇಲೆ ನಲವತ್ತು! "ನಲವತ್ತೈದು ಎಲ್ಲಿ ಹೋತು? ನೀ ಎಂಥಾ ಗಣಿತದ ಮಾಸ್ತರೋ?" ಎಂದಳು. ಗಡಿಯಾರದ ಮುಳ್ಳಿನಿಂದ ಬಂದ ಲೆಕ್ಕವೆಂದು ಕೆಲವರು, ಅದೆಲ್ಲ ಕಟ್ಟುಕತೆಯೆಂದು ಕೆಲವರು ಹೇಳುತ್ತಾರೆ ಎಂದು ಪಾಂಡಿತ್ಯ ಮೆರೆದೆ. "ಗೊತ್ತಿಲ್ಲ ಅನ್ನಾಕ ಇಷ್ಟುದ್ದ ಮಾತು" ಎಂದು ಮುಗಿಸಿದಳು.

ಅವಳಿಗೆ ಭಾಳ ಹಿಡಿಸಿದ್ದು ಆಟದ ಪದ್ಧತಿ. ಎರಡು ಪಂದ್ಯದಲ್ಲಿ ಒಬ್ಬೊಬ್ಬರೇ ಆಡುತ್ತಾರೆ. ಒಂದೊಂದು ಗೆದ್ದು ಸಮ ಆದರೆ ಜೋಡಿಯವರ ಡಬಲ್ಸೇ ತೀರ್ಮಾನ. ಉಳಿದವರು ಬದಿಗೆ ಕೂತು, ನೀರು ಕೊಟ್ಟು, ಗಂಟಲು ಹರಿದುಕೊಂಡು ಕೂಗಬೇಕು. "ಒಬ್ಬಾಕಿ ಸೋತ್ರ ಇನ್ನೊಬ್ಬಾಕಿ ಹೊಂದಸ್ತಾಳ. ಇದು ಮನಿತನದ ಆಟ" ಎಂದಳು ಅವ್ವ.

ನಾನು ದ್ರೋಹ ಬಗೆದ ದಿನ ನಮ್ಮ ದೇಶದ ಆಟವಿತ್ತು. ಮೊದಲ ಪಂದ್ಯ ನಮ್ಮವಳು ಸೋತಳು. ಅವ್ವ ಬಡಿಗೆ ಊರಿ ಎದ್ದು, ಗೋಡೆಯ ಹಣಮಪ್ಪನ ಫೋಟೋಕ್ಕೆ ಕೈಮುಗಿದಳು. "ತುಳಸಿಗೇರಿ ಹಣಮಪ್ಪಾ, ಹುಡುಗ್ಯಾರು ಗೆದ್ರ ನನ್ನ ಮಗ ನಿನ್ನ ಅಗಸಿಯಿಂದ ಗುಡಿತನಕ ದೀಡ ನಮಸ್ಕಾರ ಹಾಕ್ತಾನ!"

ನಮ್ಮ ಕಡೆ ಹರಕೆಯೇ ಹಾಗೆ. ಹೊರುವ ಬಾಯಿ ಒಂದು, ತೀರಿಸುವ ಮೈ ಇನ್ನೊಂದು. ತಂಗಿ ಪರೀಕ್ಷೆ ಪಾಸಾಗಲೆಂದು ಐದು ಶನಿವಾರ ಉಪವಾಸ ಇದ್ದವನು ನಾನು. ಅವಳಿಗೆ ಫಸ್ಟ್ ಕ್ಲಾಸ್, ನನಗೆ ನಿತ್ರಾಣ. ಆದರೆ ದೀಡ ನಮಸ್ಕಾರ ಉಪವಾಸದಂಥದ್ದಲ್ಲ. ಒದ್ದೆ ಪಂಚೆಯಲ್ಲಿ ನೆಲದ ಮೇಲೆ ಮೈಯುದ್ದ ಬೋರಲು ಮಲಗಬೇಕು, ಚಾಚಿದ ಕೈಬೆರಳಿನ ತುದಿಗೆ ಒಬ್ಬರು ಗೆರೆ ಎಳೆಯಬೇಕು, ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಮಲಗಬೇಕು. ಹೀಗೆ ದೇವರ ಮುಂದೆ ಹೋಗುವತನಕ. ಬೋರಲು ಮಲಗಿದರೆ ನನ್ನ ಮೂಗು, ಹಣೆ ಯಾವುದೂ ನೆಲ ಮುಟ್ಟುವುದಿಲ್ಲ, ನಡುವೆ ಹೊಟ್ಟೆ ಇದೆ. ಆಗಲೇ ನಾನು ಆ ಪಾಪದ ಪ್ರಾರ್ಥನೆ ಮಾಡಿದ್ದು.

ಎರಡನೆಯ ಪಂದ್ಯ ನಮ್ಮವಳು ಗೆದ್ದಳು. ನನ್ನ ಹೆಂಡತಿ ಮಹಾದೇವಿ ಬೇಕೆಂದೇ ಇನ್ನೊಂದು ಪ್ಲೇಟ್ ಮಿರ್ಚಿ ಭಜಿ ತಂದಿಟ್ಟಳು. "ತಿನ್ರಿ, ತ್ರಾಣ ಬೇಕಲ್ಲ" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು.

ಡಬಲ್ಸ್ ಶುರುವಾಯಿತು. ನಮ್ಮವರಿಗೆ ಒಂದು ಅಂಕ ಬಂದರೆ ಚಪ್ಪಾಳೆ ಹೊಡೆಯುತ್ತಿದ್ದೆ, ಒಳಗೊಳಗೆ ಹೊಟ್ಟೆ ಸವರಿಕೊಳ್ಳುತ್ತಿದ್ದೆ. ಕೊನೆಯ ಸೆಟ್ಟಿನಲ್ಲಿ ನಮ್ಮ ಹುಡುಗಿಯೊಬ್ಬಳು ಚೆಂಡಿನ ಹಿಂದೆ ಓಡಿ ಧಡಕ್ಕನೆ ಬಿದ್ದಳು. ಮೊಣಕಾಲು ತರಚಿ ರಕ್ತ. ಜೋಡಿಯವಳು ಓಡಿಬಂದು ಕೈಕೊಟ್ಟು ಎಬ್ಬಿಸಿದಳು. ಏನೋ ಹೇಳಿದಳು, ಇಬ್ಬರೂ ನಕ್ಕರು. ಬದಿಗೆ ಕೂತಿದ್ದ ಇಡೀ ತಂಡ ಎದ್ದು ನಿಂತಿತು. ಅವ್ವ ತನ್ನ ಮೊಣಕಾಲು ಹಿಡಿದುಕೊಂಡು "ಏಳು ನನ್ನವ್ವಾ, ಏಳು ನನ್ನ ಕೂಸ" ಎನ್ನುತ್ತಿದ್ದಳು. ನನಗಿನ್ನು ಹೊಟ್ಟೆ ಎಲ್ಲಿ ನೆನಪಿರುತ್ತದೆ! ಸೋಫಾದ ಮೇಲೆ ಹತ್ತಿ ನಿಂತು "ಹೊಡಿಯವ್ವಾ, ಹೊಡಿ!" ಎಂದು ಕೂಗಿದೆ. ಓಣಿಯ ಮಗ್ಗಗಳು ಒಂದು ಗಳಿಗೆ ನಿಂತವಂತೆ. ಬಿದ್ದೆದ್ದವಳೇ ಗೆಲುವಿನ ಅಂಕಕ್ಕೆ ಹೊಡೆದಳು. ಚೆಂಡು ಗೆರೆಯ ಮೇಲೆಯೇ ಬಿತ್ತು. "ಒಳಗ!" ಎಂದಳು ಅವ್ವ, ಅಂಪೈರನಿಗಿಂತ ಮೊದಲು.

ಮೂವರೂ ಕುಣಿದೆವು. ಅವ್ವ ಕೂತಲ್ಲೇ ಕುಣಿದಳು. ಕುಣಿದು ದಣಿದ ಮೇಲೆ ಇಬ್ಬರೂ ನನ್ನ ಹೊಟ್ಟೆಯ ಕಡೆ ನೋಡಿದರು.

ಮುಂದಿನ ಶನಿವಾರ ತುಳಸಿಗೇರಿಯ ಅಗಸಿ, ಅಂದರೆ ಊರಬಾಗಿಲು. ಗೆರೆ ತಾನೇ ಎಳೆಯುವುದಾಗಿ ಹೇಳಿ ಅವ್ವ ಬಡಿಗೆ ಹಿಡಿದು ಬಂದಿದ್ದಳು. ಮಹಾದೇವಿ ನೀರಿನ ತಂಬಿಗೆ ಹಿಡಿದು ಬದಿಗೆ ನಿಂತಿದ್ದಳು, ಥೇಟ್ ಆ ತಂಡದವರ ಹಾಗೆ. ಮೊದಮೊದಲು ಅವ್ವ ಭಾಳ ಕಟ್ಟುನಿಟ್ಟು. "ಕಾಲು ಗೆರಿ ದಾಟೇತಿ, ಹಿಂದ ಸರಿ" ಎಂದು ಎರಡು ಸಲ ಹಿಂದಕ್ಕೆ ಕಳಿಸಿದಳು. ಬಂದ ಭಕ್ತರೆಲ್ಲ ನಕ್ಕರು. ಅರ್ಧ ದಾರಿಗೆ ನನ್ನ ಉಸಿರು ಸಿಕ್ಕಿಕೊಂಡಿತು, ಎದ್ದು ನಿಂತರೆ ಗುಡಿಯೇ ತೂಗಾಡುತ್ತಿತ್ತು. ಮತ್ತೆ ಮಲಗಿ, ಕೈಚಾಚಿ, ಕತ್ತೆತ್ತಿ ನೋಡಿದೆ. ಗೆರೆ ನನ್ನ ಬೆರಳ ತುದಿಗಿರಲಿಲ್ಲ. ಅಲ್ಲಿಂದ ಒಂದು ಮಾರು ಮುಂದೆ ಬಿದ್ದಿತ್ತು.

"ಯವ್ವಾ, ಗೆರಿ ಭಾಳ ಮುಂದ ಆತಲ್ಲ?" ಎಂದೆ.

"ಸುಮ್ನ ಏಳು" ಎಂದಳು ಅವ್ವ, ಗುಡಿಯ ಶಿಖರವನ್ನೇ ನೋಡುತ್ತ. "ಅಂಪೈರ್ ನಾ ಅದೀನಿ."

ಅಲ್ಲಿಂದ ಗುಡಿಯತನಕ ಪ್ರತಿ ಗೆರೆಯೂ ಒಂದೊಂದು ಮಾರು ಮುಂದೆಯೇ ಬಿತ್ತು. ರಿಪ್ಲೇ ಕೇಳುವ ಧೈರ್ಯ ನನಗೂ ಆಗಲಿಲ್ಲ, ಹಣಮಪ್ಪನಿಗೂ ಆಗಲಿಲ್ಲ.