ಒಂದೇ ಮನೆಯವರು

ಆಸ್ಟ್ರೇಲಿಯಾದ ಕೆಲವು ಕಾರ್ಖಾನೆಗಳ ಸಂಬಳ, ರಜೆಗಳ ಕೆಲಸ ಕಿಲಿಮಾನಿ ಬಡಾವಣೆಯ ನಮ್ಮ ಕಚೇರಿಯಲ್ಲಿ ನಡೆಯುತ್ತಿತ್ತು. ಅಲ್ಲಿನ ಕಾರ್ಮಿಕ ಒಪ್ಪಂದಗಳನ್ನು ಓದಿ, ಕಾಯಿಲೆ ರಜೆ ಯಾರಿಗೆ ಸಲ್ಲುತ್ತದೆಂದು ಹೇಳುವವರು ಮೈಸೂರಿನಿಂದ ಬಂದಿದ್ದ ಒಬ್ಬ ಮೇಡಂ. ಕನ್ನಡಕವನ್ನು ಹಣೆಗೇರಿಸಿ, ಸಾಲಿನ ಕೆಳಗೆ ಉಗುರೆಳೆಯುತ್ತಾ ಓದುತ್ತಿದ್ದರು. ಅವಸರಪಡಿಸಿದರೆ, "ಇನ್ನೊಂದ್ಸಲ ಓದೋಣ ಸರ್" ಎನ್ನುತ್ತಿದ್ದರು. ನನಗೆ ರೇಗುತ್ತಿತ್ತು.

ಒಮ್ಮೆ ಅಲ್ಲಿನ ಕಾರ್ಮಿಕನೊಬ್ಬ, ತನ್ನ ಜೊತೆ ವಾಸವಿದ್ದ ಗೆಳೆಯನ ಆರೈಕೆಗೆ ರಜೆ ಕೇಳಿದ್ದ. "ಗೆಳೆಯ ಸಂಬಂಧಿಕನಲ್ಲ, ರಿಜೆಕ್ಟ್ ಮಾಡಿ" ಎಂದೆ. ಅವರ ಉಗುರು ಒಂದು ಸಾಲಿನ ಮೇಲೆ ನಿಂತಿತು.

"ಕುಟುಂಬದವರು ಅಥವಾ ಒಂದೇ ಮನೇಲಿ ಇರೋರು ಅಂತಿದೆ ಸರ್. ರಕ್ತಸಂಬಂಧ ಕೇಳಿಲ್ಲ."

ಅವನಿಗೆ ರಜೆ ಸಿಕ್ಕಿತು.

ಕೆಲವು ತಿಂಗಳ ನಂತರ ಮೇಡಂ ಅವರದೇ ಅರ್ಜಿ ನನ್ನ ಮೇಜಿಗೆ ಬಂತು. ಅದೇ ಊರಿನ ಪಾರ್ಕ್‌ಲ್ಯಾಂಡ್ಸ್‌ ಬಡಾವಣೆಯ ಅವರ ಮನೆಯಲ್ಲೇ ಇದ್ದು ಕೆಲಸ ಮಾಡುವ ಹೆಂಗಸಿಗೆ ಟೈಫಾಯ್ಡ್. ನೋಡಿಕೊಳ್ಳಲು ಮೂರು ದಿನ ರಜೆ ಬೇಕು. ಸಂಬಂಧ ಏನೆಂದು ಕೇಳಿದ ಕಡೆ 'ಒಂದೇ ಮನೆಯವರು' ಎಂದಷ್ಟೇ ಬರೆದಿದ್ದರು.

ನಮ್ಮ ಕಚೇರಿಯ ಒಪ್ಪಂದದಲ್ಲಿ ಅಂಥ ಸಾಲಿಲ್ಲವೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

"ಇನ್ನೊಂದ್ಸಲ ಓದೋಣ್ವಾ ಸರ್?" ಮೆಲ್ಲಗೆ ಕೇಳಿದರು.

"ಬೇಡ ಬಿಡಿ ಮೇಡಂ" ಎಂದು ರಜೆಗೆ ಸಹಿ ಹಾಕಿದೆ.