ಬೆಸುಗೆ ಹಾಕಿದ ಕೋವಿ

ನಮ್ಮ ಚಿಕ್ಕಪ್ಪ ಲೇತ್ ಮೆಷಿನ್ನಿನ ಮುಂದೆ ಮೂವತ್ತೆಂಟು ವರ್ಷ ನಿಂತವರು. ಕೂದಲೆಳೆಯಷ್ಟು ಏರುಪೇರಿದ್ದರೂ ಬೆರಳಲ್ಲೇ ಮುಟ್ಟಿ ಹೇಳುತ್ತಿದ್ದರು. ಮಾತೂ ಅಷ್ಟೇ, ಅಳೆದು ಆಡುತ್ತಿದ್ದರು. ಅಂಥವರಿಗೆ ನಮ್ಮ ಮನೆಯಲ್ಲಿದ್ದ ಹೆಸರು 'ಹೊಟ್ಟೆಕಿಚ್ಚಪ್ಪ'. ಇಟ್ಟವನು ನಾನೇ.

ಇದಕ್ಕೆಲ್ಲ ಕಾರಣ ತಾತನ ಕೋವಿ, ಉದ್ದನೆಯ ಹಳೇ ರೈಫಲ್. ಮನೆಗೆ ನುಗ್ಗಿದ ಕಳ್ಳರನ್ನು ತಾತ ಅದರಿಂದ ಒಂದೇ ಗುಂಡು ಹಾರಿಸಿ ಓಡಿಸಿದ್ದರಂತೆ. ನೆಂಟರು ಬಂದರೆ ಕುಡಿಯಲು ನೀರು ಕೊಡುವ ಮೊದಲೇ ನಾವು ಈ ಕಥೆ ಕೊಡುತ್ತಿದ್ದೆವು. ತಾತ ಹೋದ ಮೇಲೆ ಒಮ್ಮೆ ಚಿಕ್ಕಪ್ಪ ಅದನ್ನು ಒರೆಸಲು ಬಿಚ್ಚಿದರು.

"ಅಣ್ಣಾ, ನಳಿಗೆಯ ಬುಡಕ್ಕೆ ಬೇಕಂತಲೇ ತೂತು ಕೊರೆದಿದ್ದಾರೆ. ಇದು ಕವಾಯತಿಗೆ ಹಿಡ್ಕೊಳ್ಳೋ ಕೋವಿ. ಇದರಲ್ಲಿ ಅಪ್ಪ ಗುಂಡು ಹಾರಿಸಿರೋಕೆ ಆಗಲ್ಲ."

ಅಪ್ಪ ಕೆಂಡವಾದರು. ಕೋವಿ ತನಗೆ ಸಿಗಲಿಲ್ಲವೆಂದು ತಮ್ಮ ಸುಳ್ಳು ಹುಟ್ಟಿಸುತ್ತಿದ್ದಾನೆ ಎಂದರು. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ.

ಅಪ್ಪ ತೀರಿಕೊಂಡ ದಿನ ಚಿಕ್ಕಪ್ಪ ಬಂದು ಬಾಗಿಲಲ್ಲಿ ನಿಂತರು. "ಈಗ ಕೋವಿ ಹುಡುಕ್ಕೊಂಡು ಬಂದ್ರಾ?" ಎಂದು ನಾಲ್ಕು ಜನರೆದುರು ಕೇಳಿದೆ. ಅವರು ಒಳಗೆ ಬಾರದೆ ಚಪ್ಪಲಿ ಮೆಟ್ಟಿಕೊಂಡು ಹಿಂದಿರುಗಿದರು.

ಲೈಸೆನ್ಸ್ ನನ್ನ ಹೆಸರಿಗಾಗಲು ಕೋವಿ ಯಾವುದು, ಬೆಲೆ ಎಷ್ಟು ಎಂದು ಬರೆಸಿ ತರಬೇಕಿತ್ತು. ಕೋವಿ ರಿಪೇರಿ ಅಂಗಡಿಗೆ ಒಯ್ದೆ. ಬೆಲೆ ಏರಲಿ ಎಂದು ತಾತನ ಕಥೆಯನ್ನೂ ಉಪ್ಪುಖಾರ ಹಚ್ಚಿ ಹೇಳಿದೆ. ಅಂಗಡಿಯ ಮುದುಕರು ಕೇಳಿಸಿಕೊಳ್ಳುತ್ತಲೇ ಮರದ ಭಾಗ ಕಳಚಿದರು, ನಳಿಗೆಯ ಬುಡವನ್ನು ದೀಪದಡಿ ಹಿಡಿದು ಕರಿಬಣ್ಣ ಕೆರೆದರು. ಕೆಳಗೆ ಬೆಳ್ಳಗೆ ತವರದ ಬೊಟ್ಟು ಕಂಡಿತು.

"ಪಕ್ಕದಲ್ಲಿ ಮುದ್ರೆ ನೋಡಿ. ಸೈನ್ಯದವರೇ ತೂತು ಕೊರೆದು ಕವಾಯತಿಗೆ ಅಂತ ಗುರುತು ಹಾಕಿದ್ದಾರೆ. ಅದರಲ್ಲಿರೋ ಇಸವಿ ನಿಮ್ಮ ತಾತ ಲೈಸೆನ್ಸ್ ತಗೊಳ್ಳೋಕೂ ಒಂಬತ್ತು ವರ್ಷ ಮುಂಚಿಂದು. ಗೋಡೆಗೆ ಚೆನ್ನಾಗಿರತ್ತೆ. ಕಬ್ಬಿಣಕ್ಕೂ ಮರಕ್ಕೂ ಏನು ಬರತ್ತೋ ಅಷ್ಟೇ ಬೆಲೆ." ಬೊಟ್ಟಿನ ಮೇಲೆ ಉಗುರಾಡಿಸಿ ಮತ್ತೆ ಹೇಳಿದರು: "ಆದ್ರೆ ಇದನ್ನ ಮುಚ್ಚಿದೋರು ಒಳ್ಳೇ ಕೆಲಸಗಾರರು. ಪಾತ್ರೆ ಬೆಸುಗೆಯವರ ಕೈ."

ಅದನ್ನು ನನಗೆ ಯಾರೂ ಹೇಳಬೇಕಿರಲಿಲ್ಲ. ಪಾತ್ರೆ ರಿಪೇರಿಯೇ ನಮ್ಮ ಕಸುಬು. ಬೆಸುಗೆಯನ್ನು ಅರದಿಂದ ಓರೆಯಾಗಿ ಉಜ್ಜಿ, ಕೊನೆಗೆ ಅಂಚಿನ ಸುತ್ತ ತೆಳ್ಳಗೆ ಗೆರೆ ಎಳೆಯುತ್ತಿದ್ದವರು ಅಪ್ಪ ಒಬ್ಬರೇ. ಬೊಟ್ಟಿನ ಸುತ್ತ ಅದೇ ಗೆರೆ ಇತ್ತು. ತಮ್ಮನನ್ನು ಸುಳ್ಳುಗಾರ ಎಂದವರು ತಾವೇ ಕೂತು ಆ ತೂತು ಮುಚ್ಚಿದ್ದರು. ಬಣ್ಣ ಬಳಿಯುವ ಅವಸರದಲ್ಲೂ ಗೆರೆ ಎಳೆಯುವ ಅಭ್ಯಾಸ ಬಿಟ್ಟಿರಲಿಲ್ಲ. ಅಪ್ಪನಿಗಾಗಿ ನಾಚಿದೆ. ಆದರೆ ಬಾಗಿಲಲ್ಲಿ ನಿಂತು ಆ ಮಾತಾಡಿದ್ದು ನನ್ನ ನಾಲಿಗೆ. ನೆಲ ಬಿರಿದು ಒಳಗೆ ಸೇರಿಕೊಳ್ಳಬಾರದೇ ಎನಿಸಿತು.

ಅಲ್ಲಿಂದ ನೇರ ಚಿಕ್ಕಪ್ಪನ ಮನೆಗೆ ಹೋದೆ. ತಲೆ ಎತ್ತದೆ ಎಲ್ಲ ಹೇಳಿದೆ. ಅವರು ಬೊಟ್ಟನ್ನು ಬೆರಳಲ್ಲಿ ಸವರಿದರು. "ಅಣ್ಣನ ಕೆಲಸ. ಎಷ್ಟು ನೀಟಾಗಿದೆ ನೋಡು" ಎಂದರು.

"ತಪ್ಪಾಯ್ತು ಚಿಕ್ಕಪ್ಪ. ಇನ್ಮೇಲೆ ಇದು ನಿಮ್ಮ ಮನೇಲೇ ಇರಲಿ, ಕಾಗದಪತ್ರ ನಾನು ಮಾಡಿಸ್ತೀನಿ."

ಅವರು ಕೋವಿಯನ್ನು ನನ್ನ ತೊಡೆಯ ಮೇಲಿಟ್ಟರು.

"ಕೋವಿ ಯಾರಿಗೆ ಬೇಕಿತ್ತಪ್ಪ? ಅವತ್ತು ಅಣ್ಣನ ಮುಖ ಒಂದ್ಸಲ ನೋಡೋಕೆ ಬಿಟ್ಟಿದ್ರೆ ಸಾಕಿತ್ತು."