ಹುಳಿ ಸಾಲದು ಎಂದ ಏಜೆಂಟಣ್ಣ

ಮೊನ್ನೆ ಬೆಳಿಗ್ಗೆ ಬಚ್ಚಲುಮನೆಯ ನೆಲಕ್ಕೆ ಬ್ಲೀಚಿಂಗ್ ಹಾಕಿ ಹೊರಗೆ ಬಂದು ಕೈ ತೊಳೆಯುತ್ತಿದ್ದೆ. ಅದರ ಘಾಟು ಸಾಗರದ ನಮ್ಮ ಪುಟ್ಟ ಮನೆಯ ಅಡುಗೆಮನೆಯವರೆಗೂ ಹೋಗಿತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದ ಅತ್ತೆಯ ಕೈಯಲ್ಲಿ ಒಂದು ಚೊಂಬು. ಅದರಲ್ಲಿ, ನಮ್ಮಲ್ಲಿ ಹುಣಸೆಯ ಬದಲು ಬಳಸುವ ವಾಟೆಹುಳಿ ನೆನೆಸಿದ ನೀರು, ಹಿಂದಿನ ದಿನ ಹಿತ್ತಾಳೆ ಪಾತ್ರೆ ಬೆಳಗಿ ಉಳಿದದ್ದು. "ಇದ್ನ ಹೊಯ್ದ್ರೆ ಘಾಟು ಅಡಗ್ತು," ಎನ್ನುತ್ತ ಬಚ್ಚಲಿನ ಹೊಸ್ತಿಲಿಗೆ ಕಾಲಿಡುತ್ತಿದ್ದರು. ಓಡಿಹೋಗಿ ಅವರ ರಟ್ಟೆ ಹಿಡಿದು ಎಳೆದೆ. ಚೊಂಬು ಕೈತಪ್ಪಿ ಅಂಗಳಕ್ಕೆ ಉರುಳಿತು.

"ಎಂತ ಆತೇ ನಿಂಗೆ? ಬರೀ ಹುಳಿನೀರಲ್ದಾ ಅದು?" ಎಂದರು ಅತ್ತೆ. ಅವರ ಮುಖ ಸಣ್ಣದಾಗಿತ್ತು.

ನಾನು ಬಾಗಿಲು, ಕಿಟಕಿ ಎಲ್ಲ ತೆರೆದು, ಗಾಳಿ ಆಡಲು ಬಿಟ್ಟು, ಆಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದೆ. ಸುರಿಯುವಷ್ಟು ಹೊತ್ತೂ ನನ್ನ ಮೂಗಿಗೆ ಬರುತ್ತಿದ್ದದ್ದು ನಮ್ಮ ಬಚ್ಚಲಿನ ವಾಸನೆಯಲ್ಲ. ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನ ಹಿಂದೆ, ಟಾರ್ಪಾಲಿನ ಪರದೆಗಳನ್ನೆಲ್ಲ ಇಳಿಬಿಟ್ಟುಕೊಂಡು ನಿಂತಿದ್ದ ಒಂದು ಬಸ್ಸಿನದು...

ಮದುವೆಗೆ ಮೊದಲು ನಾನು ತೀರ್ಥಹಳ್ಳಿಯಿಂದ ಹೊಸನಗರಕ್ಕೆ ದಿನವೂ ಓಡಾಡುತ್ತಿದ್ದೆ. ಅಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕೆಲಸ. ನಮ್ಮ ಕಡೆ ಓಡುವುದೆಲ್ಲ ಹೆಚ್ಚಾಗಿ ಪ್ರೈವೇಟ್ ಬಸ್ಸುಗಳೇ. ಸ್ಟ್ಯಾಂಡಿನಲ್ಲಿ ನಿಂತು ಬಸ್ಸು ಎಲ್ಲಿಗೆ ಹೋಗುತ್ತದೆಂದು ಕೂಗಿ ಜನ ಹತ್ತಿಸುವವನಿಗೆ ಏಜೆಂಟ್ ಎನ್ನುತ್ತಾರೆ. ನಮ್ಮ ಬಸ್ಸಿನವನು ಎಲ್ಲರಿಗೂ ಏಜೆಂಟಣ್ಣ. ಅವನ ಹೆಸರು ನನಗೆ ಗೊತ್ತಿಲ್ಲವೆಂದಲ್ಲ, ಆದರೆ ಆ ಹೆಸರಿನಿಂದ ಯಾರಾದರೂ ಕರೆದದ್ದನ್ನು ನಾನಂತೂ ಕೇಳಿಲ್ಲ.

"ಆರಗ, ಕೋಣಂದೂರು, ಹುಂಚ, ಹೊಸನಗರಾss... ಬಟ್ಟೆಮಲ್ಲಪ್ಪ, ಸಾಗರ ಸಾಗರ ಸಾಗರ!" ಹೊಸನಗರಕ್ಕೆ ಮಾತ್ರ ರಾಗ, ಉಳಿದದ್ದಕ್ಕೆಲ್ಲ ಓಟ. ಬಾಯಲ್ಲಿ ಸದಾ ಎಲೆಯಡಿಕೆ. ಕೂಗುವಾಗ ಕವಳವನ್ನು ಒಂದು ದವಡೆಗೆ ಸರಿಸಿಕೊಂಡು ಅದು ಹೇಗೆ ಅಷ್ಟು ಸ್ಪಷ್ಟವಾಗಿ ಕೂಗುತ್ತಿದ್ದನೋ! ಹೋಟೆಲಿನವರು, ಹಣ್ಣಿನಂಗಡಿಯವರು ಅವನನ್ನು ಕಂಡಾಗಲೆಲ್ಲ, ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂದು ಛೇಡಿಸುತ್ತಿದ್ದರು. ಅವನೂ ನಗುತ್ತಿದ್ದ. ಆ ಗಾದೆಯನ್ನು ಈಗ ಯಾರಾದರೂ ಆಡಿದರೆ ನನಗೆ ಸಂಕಟವಾಗುತ್ತದೆ.

ನಮ್ಮ ಅಮ್ಮನಿಗೆ ಕಣ್ಣು ಮಂಜು. ಬಸ್ಸಿನ ಬೋರ್ಡು ಓದುವುದಿರಲಿ, ಬಸ್ಸಿನ ಬಣ್ಣವೂ ಸರಿಯಾಗಿ ತಿಳಿಯುವುದಿಲ್ಲ. ಆದರೂ ಅವಳು ಕೋಣಂದೂರಿನ ತಂಗಿಯ ಮನೆಗೆ ಯಾರ ಹಂಗೂ ಇಲ್ಲದೆ ಒಬ್ಬಳೇ ಹೋಗಿ ಬರುತ್ತಿದ್ದಳು. ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅವನ ಕೂಗಿಗೆ ಕಾಯುವುದು, ಕೂಗು ಬಂದ ದಿಕ್ಕಿಗೆ ನಡೆಯುವುದು. ಬೇರೆ ಬಸ್ಸು ಬಂದಾಗ ಅವಳು ಎದ್ದರೆ, ಅವನು ಎಲ್ಲಿಂದಲೋ, "ಅಮ್ಮಾ, ಅದ್ ನಿಮ್ದಲ್ಲ, ಕೂತ್ಕಳಿ," ಎನ್ನುತ್ತಿದ್ದ. ಆ ಧೈರ್ಯದ ಮೇಲೆ ಅಮ್ಮನ ಓಡಾಟವೆಲ್ಲ ನಡೆದಿತ್ತು.

ಆಯುಧಪೂಜೆ ಬಂತೆಂದರೆ ನಮ್ಮ ಬಸ್ಸುಗಳಿಗೆ ಮದುವೆಯ ಸಡಗರ. ತೊಳೆದು, ಕುಂಕುಮ ಹಚ್ಚಿ, ಬಾಳೆಕಂಬ ಕಟ್ಟಿ, ಮುಂದಿನ ಗಾಜಿಗೆ ಝರಿಯ ಅಂಚಿನ ಹೊಸ ಫ್ರಿಲ್ಲು ತೂಗಿಸಬೇಕು. ಆ ಫ್ರಿಲ್ಲು ಹೊಲಿದುಕೊಡುವವಳು ನಾನು. ಬಣ್ಣದ ವಿಚಾರದಲ್ಲಿ ಏಜೆಂಟಣ್ಣನದು ಭಾರೀ ಹಟ. ನಾನು ನೀಲಿ ಎಂದರೆ ಅವನು ಹಳದಿ ಎನ್ನುತ್ತಿದ್ದ, ಕೊನೆಗೆ ಹಳದಿಯೇ ಆಗುತ್ತಿತ್ತು. ಕೊರೊನಾ ಬಂದ ವರ್ಷ ಫ್ರಿಲ್ಲೂ ಇಲ್ಲ, ಹೂವೂ ಇಲ್ಲ. ಬಸ್ಸು ಶೆಡ್ಡಿನಲ್ಲಿ ಧೂಳು ತಿನ್ನುತ್ತ ನಿಂತಿತ್ತು. ಹಾಗಾಗಿ ಮರುವರ್ಷ ಅವನಿಗೆ ಎಲ್ಲಿಲ್ಲದ ಉಮೇದು. "ಹೋದ್ ವರ್ಷ ಪಾಪ ಇದ್ಕೊಂದ್ ಸೇವಂತಿಗೆನೂ ಇಲ್ಲ. ಈ ಸಲ ಒಳಗೆಲ್ಲ ನಾನೇ ತೊಳಿತೀನಿ, ಹೊಲ್ಗೆ ಅಕ್ಕಾ," ಎಂದಿದ್ದ.

ಪೂಜೆಯ ಹಿಂದಿನ ದಿನ ಮಧ್ಯಾಹ್ನ ನಾನು ಫ್ರಿಲ್ಲು ಹಿಡಿದು ಹೋದಾಗ ಹನಿ ಬೀಳುತ್ತಿತ್ತು. ಸೀಟು ನೆನೆಯಬಾರದೆಂದು ಬಸ್ಸಿನ ಪರದೆಗಳನ್ನೆಲ್ಲ ಇಳಿಸಿ ಕಟ್ಟಿದ್ದ. ಒಳಗಿನಿಂದ ತಿಕ್ಕುವ ಸದ್ದು. ಹಿಂದಿನ ಉದ್ದ ಸೀಟಿನ ಕೆಳಗೆ, ಎಷ್ಟೋ ವರ್ಷದ ಎಲೆಯಡಿಕೆ ಉಗುಳಿನ ಕಲೆ. ಅದರಲ್ಲಿ ಅವನ ಪಾಲೂ ಇದ್ದಿರಬಹುದು ಬಿಡಿ. ಕೊರೊನಾ ಕಾಲದಲ್ಲಿ ಬಸ್ಸಿಗೆ ಸಿಂಪಡಿಸುತ್ತಿದ್ದ ಬ್ಲೀಚಿಂಗ್ ದ್ರಾವಣದ ಕ್ಯಾನೊಂದು ಉಳಿದಿತ್ತು. ನೀರು ಬೆರೆಸದೆ ಅದನ್ನು ಹಾಗೆಯೇ ಕಲೆಯ ಮೇಲೆ ಸುರಿದಿದ್ದ. ಕಲೆ ಅರ್ಧ ಹೋಗಿತ್ತು. ಆದರೆ ನಾಳೆ ಪೂಜೆಗೆ ಬಂದವರು ಮೂಗು ಮುಚ್ಚಿಕೊಳ್ಳುವಂಥ ಘಾಟು ಎದ್ದಿತ್ತು.

ಈಗ ಒಂದು ವಿಷಯ ಹೇಳಬೇಕು. ಅಡಿಕೆ ಸುಲಿಯುವ ನಮ್ಮ ಸೀಮೆಯಲ್ಲಿ ಕೈಗೆ, ಬಟ್ಟೆಗೆ ಚೊಗರಿನ, ಅಂದರೆ ಅಡಿಕೆಯ ಒಗರು ರಸದ, ಕಪ್ಪು ಹತ್ತಿದರೆ ಹುಳಿ ಹಾಕಿಯೇ ತಿಕ್ಕುವುದು. ಗೋಡೆಗೆ ಸುಣ್ಣ ಹೊಡೆದು ಕೈ ಉರಿದರೂ ಹುಳಿ ಮಜ್ಜಿಗೆಯಲ್ಲೇ ತೊಳೆಯುವುದು. ಕಲೆಗೂ ಹುಳಿ, ಸುಣ್ಣಕ್ಕೂ ಹುಳಿ. ಏಜೆಂಟಣ್ಣ ಮೊದಲು ಮನೆಮನೆಗೆ ಸುಣ್ಣ ಹೊಡೆಯಲು ಹೋಗುತ್ತಿದ್ದವನು. ಬ್ಲೀಚಿಂಗ್ ಎಂದರೆ ಅವನ ಲೆಕ್ಕದಲ್ಲಿ ಸುಣ್ಣದ ಅಣ್ಣ. ಬಿಳಿ ಮಾಡುತ್ತದೆ, ಸುಡುತ್ತದೆ, ಇನ್ನೇನು ಬೇಕು? ಅದನ್ನು ತಣ್ಣಗೆ ಮಾಡಲು ಮನೆಯಿಂದ ವಾಟೆಹುಳಿ ಕಿವುಚಿದ ನೀರನ್ನು ಒಂದು ಕೊಡಪಾನದ ತುಂಬ ತಂದಿಟ್ಟುಕೊಂಡಿದ್ದ.

ನಾನು ಹೊರಗೆ ಸ್ಟ್ಯಾಂಡಿನ ಸೂರಿನ ಕೆಳಗೆ ನಿಂತಿದ್ದೆ. ನೀರು ಸುರಿದ ಸದ್ದು ಕೇಳಿತು, ಹಿಂದೆಯೇ ಕೆಮ್ಮು. ಏಜೆಂಟಣ್ಣ ಮೆಟ್ಟಿಲಿಗೆ ಬಂದು ಕಣ್ಣೊರೆಸಿಕೊಂಡ. "ಘಾಟು ಜಾಸ್ತೀನೆ ಆಯ್ತಲ್ಲ ಮಾರಾಯ್ತಿ... ಹುಳಿ ಸಾಲ್ಲಿಲ್ಲ ಅನ್ಸುತ್ತೆ," ಎಂದ. ನನಗೂ ಹಾಗೆಯೇ ಅನ್ನಿಸಿತು. ಸುಣ್ಣ ಉರಿದರೆ ಹುಳಿ ಎಂದು ನನಗೂ ಅಮ್ಮ ಹೇಳಿಕೊಟ್ಟದ್ದು ತಾನೇ? ಅವನು ಉಸಿರು ಕಟ್ಟಿ ಮತ್ತೆ ಒಳಗೆ ಹೋದ. ಉಳಿದ ಹುಳಿನೀರನ್ನೆಲ್ಲ ಸುರಿದ.

ಆಮೇಲಿನದು ಹೇಳಲು ಇಷ್ಟವಿಲ್ಲ. ಅವನು ಬಾಗಿಲವರೆಗೆ ತೆವಳಿಕೊಂಡು ಬಂದ. ಹಣ್ಣಿನಂಗಡಿಯವನು, ಡ್ರೈವರು ಸೇರಿ ಎಳೆದು ಗಾಳಿಗೆ ಮಲಗಿಸಿದರು. ಪರದೆ ಎತ್ತಿದರೆ ಒಳಗಿನಿಂದ ಕಣ್ಣು ಕಿತ್ತುಬರುವಂಥ ಗಾಳಿ. ನನ್ನ ಕೈಯಲ್ಲಿದ್ದ ಹಳದಿ ಫ್ರಿಲ್ಲನ್ನೇ ಒದ್ದೆ ಮಾಡಿ ಅವನ ಮುಖ ಒರೆಸಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಹೇಳಿದರು. ಬ್ಲೀಚಿಂಗಿಗೆ ಹುಳಿ ತಾಗಿದರೆ ವಿಷದ ಗಾಳಿ ಏಳುತ್ತದೆ. ವಾಟೆಹುಳಿಯೋ, ನಿಂಬೆಯೋ, ವಿನೆಗರೋ, ಕಕ್ಕಸು ತೊಳೆಯುವ ಆಸಿಡ್ಡೋ, ಎಲ್ಲ ಒಂದೇ. ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣವೂ ಕೂಡದು. ಘಾಟಾದರೆ ಮೊದಲು ಹೊರಗೆ ಬನ್ನಿ, ಗಾಳಿ ಆಡಲಿ, ಆಮೇಲೆ ಬರೀ ನೀರು, ಧಾರಾಳ ನೀರು. ಬೇರೆ ಏನನ್ನೂ ಬೆರೆಸಿ ಅದನ್ನು ಅಡಗಿಸಲು ಹೋಗಬೇಡಿ... ಇಷ್ಟೇ. ಇಷ್ಟು ಸಣ್ಣ ಮಾತು ಅಷ್ಟು ವರ್ಷ ನಮ್ಮಲ್ಲಿ ಒಬ್ಬರ ಕಿವಿಗೂ ಬಿದ್ದಿರಲಿಲ್ಲವಲ್ಲ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಜೀವ ಉಳಿಯಿತು. ದೀಪಾವಳಿ ಕಳೆದ ಮೇಲೆ ಅವನು ಸ್ಟ್ಯಾಂಡಿಗೆ ಮರಳಿದ. ನಾವೆಲ್ಲ ಖುಷಿಯಿಂದ ನೋಡುತ್ತಿದ್ದಂತೆ ಅಂಗಿ ಸರಿಮಾಡಿಕೊಂಡು ನಿಂತು ಕೂಗಿದ. ಆರಗ ಬಂತು, ಕೋಣಂದೂರು ಅರ್ಧ ಬಂತು. ಆಮೇಲೆ ಕೆಮ್ಮು. ಬಸ್ಸಿನ ಕಂಬಿ ಹಿಡಿದುಕೊಂಡು ಬಗ್ಗಿಯೇ ನಿಂತ. ಕೆಲವು ದಿನ ದಿನಾ ಬಂದು ಪ್ರಯತ್ನಿಸಿದ. ಹೊಸನಗರದವರೆಗೆ ಉಸಿರು ಒಂದು ದಿನವೂ ತಲುಪಲಿಲ್ಲ. ಬಸ್ಸಿನ ಮಾಲೀಕರು ಮೈಕು ತಂದುಕೊಟ್ಟರು. ಅದರಲ್ಲಿ ಕೇಳಿದ್ದು ಬರೀ ಉಸಿರಿನ ಸದ್ದು. ಅದನ್ನು ಕೇಳಿ ಅವನಿಗೇ ನಾಚಿಕೆಯಾಯಿತೋ ಏನೋ, ಮೈಕನ್ನು ಡ್ರೈವರನ ಕೈಗೆ ಕೊಟ್ಟು ಹೋದವನು ಮತ್ತೆ ಬರಲಿಲ್ಲ. ಮಂಡಗದ್ದೆಯಲ್ಲಿ ಅಕ್ಕನ ಮನೆ ಸೇರಿದನೆಂದು ಹೇಳಿದರು.

ಮರುವರ್ಷ ಅಮ್ಮನನ್ನು ಕಣ್ಣಿನ ಪರೀಕ್ಷೆಗೆ ಶಿವಮೊಗ್ಗಕ್ಕೆ ಕರೆದೊಯ್ಯುತ್ತಿದ್ದೆ. ಮಂಡಗದ್ದೆಯಲ್ಲಿ ಬಸ್ಸು ನಿಂತಿತು. ರಸ್ತೆಬದಿಯಲ್ಲಿ ಮಫ್ಲರು ಸುತ್ತಿಕೊಂಡು ನಿಂತಿದ್ದ ಏಜೆಂಟಣ್ಣ. ಎಲ್ಲಿಗೂ ಹೋಗುವವನಲ್ಲ, ಸುಮ್ಮನೆ ಬಸ್ಸು ನೋಡಲು ಬಂದವನು. ನಮ್ಮನ್ನು ಕಂಡವನೇ ಮುಖ ಅರಳಿಸಿ ಅಮ್ಮನ ಕಿಟಕಿಯ ಹತ್ತಿರ ಬಂದ. "ಅಮ್ಮಾ, ಚೆನ್ನಾಗಿದೀರಾ?" ಎಂದ. ಗಾಳಿಯೇ ಮಾತಾಡಿದ ಹಾಗಿತ್ತು.

ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿ, "ಯಾರೇ ಅದು? ಎಂತ ಪಿಸಿಪಿಸಿ ಹೇಳ್ತ?" ಎಂದು ನನ್ನನ್ನು ಕೇಳಿದಳು.

ಅವನಿಗೆ ಕೇಳಿಸಿತು. ಕಿಟಕಿಯ ಕಂಬಿಯ ಮೇಲಿಟ್ಟಿದ್ದ ಕೈ ತೆಗೆದ. ನಾನು ಹೇಳುವಷ್ಟರಲ್ಲಿ ಬಸ್ಸು ಹೊರಟಿತ್ತು. ಅದು ಏಜೆಂಟಣ್ಣ ಎಂದು ಅಮ್ಮನಿಗೆ ಆಮೇಲೆ ಹೇಳಿದೆ. ಶಿವಮೊಗ್ಗ ಹತ್ತಿರ ಬಂದಾಗ ಅವಳು ಕಣ್ಣೊರೆಸಿಕೊಂಡು, ಬರುವಾಗ ಮಂಡಗದ್ದೆಯಲ್ಲಿ ಇಳಿಯೋಣ ಎಂದಳು. ಬರುವಾಗ ಕತ್ತಲಾಗಿತ್ತು, ಇಳಿಯಲಿಲ್ಲ. ಇನ್ನೊಮ್ಮೆ ಹೋದರಾಯಿತು ಎಂದುಕೊಂಡೆವು... ಅವನು ತೀರಿಹೋದ ಸುದ್ದಿ ನಮಗೆ ಮುಟ್ಟಿದ್ದು ಎಲ್ಲ ಕಾರ್ಯ ಮುಗಿದ ಮೇಲೆ.

ಇದನ್ನೆಲ್ಲ ಮೊನ್ನೆ ಅಂಗಳದ ಕಟ್ಟೆಯಲ್ಲಿ ಕೂತು ಅತ್ತೆಗೆ ಹೇಳಿದೆ. ಅವರು ಉರುಳಿಬಿದ್ದಿದ್ದ ಚೊಂಬನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದರು. "ಯಾರಾದ್ರೂ ಒಂದ್ ಮಾತು ಹೇಳಕ್ಕಾಗಿತ್ತು ಅವಂಗೆ," ಎಂದರು ಕೊನೆಗೆ. ಹೌದು, ಹೇಳಬೇಕಿತ್ತು.

ತೀರ್ಥಹಳ್ಳಿಯ ಸ್ಟ್ಯಾಂಡಿನಲ್ಲಿ ಆ ಮೈಕು ಕೆಟ್ಟು ಎಷ್ಟೋ ಕಾಲವಾಯಿತು. ಬಸ್ಸಿನ ಬೋರ್ಡು ಈಗ ಬಣ್ಣದ ದೀಪದಲ್ಲಿ ಓಡುತ್ತದೆ, ಕಣ್ಣಿದ್ದವರು ಓದಿಕೊಂಡು ಹತ್ತುತ್ತಾರೆ. ಅಮ್ಮ ತಂಗಿಯ ಮನೆಗೆ ಒಬ್ಬಳೇ ಹೋಗುವುದನ್ನು ಬಿಟ್ಟಿದ್ದಾಳೆ. ಹೋದ ತಿಂಗಳು ನಾನು ಊರಿಗೆ ಹೋದಾಗ ಜೊತೆಯಲ್ಲಿ ಕರೆದುಕೊಂಡು ಹೊರಟೆ. ಕಲ್ಲುಬೆಂಚಿನ ಮೇಲೆ ಕೂತಿದ್ದವಳು, ಬಸ್ಸೊಂದು ಬಂದು ನಿಂತ ಸದ್ದಿಗೆ ಎದ್ದು ನಿಂತು ಕಿವಿಗೊಟ್ಟಳು. ಯಾರೂ ಕೂಗಲಿಲ್ಲ. ಅದು ನಮ್ಮದಲ್ಲ, ಕೂತ್ಕೋ ಎಂದು ನಾನೇ ಹೇಳಿದೆ.